ಭಾವನ ಊಟಕ್ಕೆ ಏಳು ವೋಟು

ಭಾವನನ್ನು ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುವುದು? ಇಷ್ಟು ತೀರ್ಮಾನಿಸಲು ನಮ್ಮ ಮನೆಯ ಏಳು ಜನಕ್ಕೆ ಮೂರು ದಿನ ಹಿಡಿಯಿತು.

ಸುಮ್ಮನೆ ಊಟವಲ್ಲ ಅದು. ಭಾವ ಎಂದರೆ ನನ್ನ ಅಕ್ಕನ ಗಂಡ. ಅವರಿಗೆ ನಾಲಿಗೆಯ ಕ್ಯಾನ್ಸರ್. ಶುಕ್ರವಾರ ಸಂಜೆ ಅಡ್ಮಿಟ್, ಶನಿವಾರ ಆಪರೇಷನ್. "ಆಮೇಲೆ ಸ್ವಲ್ಪ ಕಾಲ ಮೂಗಿನ ಟ್ಯೂಬಲ್ಲೇ ಊಟ. ಮಾತು, ರುಚಿ ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ" ಎಂದಿದ್ದರು ಡಾಕ್ಟರು. ಹಾಗಾಗಿ ಶುಕ್ರವಾರ ಮಧ್ಯಾಹ್ನದ ಊಟ ಜೋರಾಗಿರಬೇಕು ಎಂದು ನಾವೇ ನಿರ್ಧರಿಸಿಬಿಟ್ಟೆವು.

ಕೂಡಲೇ ವಾಟ್ಸಾಪ್ ಗ್ರೂಪ್ ಹುಟ್ಟಿತು. ಹೆಸರು 'ಭಾವನ ಊಟ'. (ಅಡ್ಮಿನ್ ನಾನೇ.) ಭಾವನನ್ನು ಮಾತ್ರ ಸೇರಿಸಲಿಲ್ಲ. ಸರ್ಪ್ರೈಸ್ ಅಲ್ಲವೇ?

ಯಲಹಂಕದಿಂದ ಹೆಬ್ಬಾಳದವರೆಗೆ ಹೋಟೆಲುಗಳಿಗೇನು ಬರವೇ? ಸ್ಟಾರ್ ನೋಡಿದೆವು, ರಿವ್ಯೂ ಓದಿದೆವು. "ಅಲ್ಲಿ ಪಾರ್ಕಿಂಗ್ ಇಲ್ಲ ಕಣೋ" ಎಂದು ತಮ್ಮ ಒಂದನ್ನು ಹೊಡೆದುಹಾಕಿದ. ವ್ಯೂ ಇಲ್ಲವೆಂದು ಇನ್ನೊಂದು ಹೋಯಿತು. ಕೊನೆಗೆ ಪೋಲ್ ಹಾಕಿದೆ. ಏರ್‌ಪೋರ್ಟ್ ರಸ್ತೆಯ ರೂಫ್‌ಟಾಪ್ ಬಫೆಗೆ ಏಳಕ್ಕೆ ಏಳು ವೋಟು!

ಶುಕ್ರವಾರ ತಟ್ಟೆ ತುಂಬಿಸಿ ಭಾವನ ಮುಂದಿಟ್ಟೆವು. ಮುಟ್ಟಿದ್ದೆಲ್ಲ ಖಾರ. ಬಾಯಲ್ಲಿ ಹುಣ್ಣಿರುವ ಮನುಷ್ಯ ಏನು ತಿಂದಾರು? ಒಂದು ತುಂಡು ಬಾಯಿಗಿಟ್ಟು ಕಣ್ಣಲ್ಲಿ ನೀರು ತುಂಬಿಕೊಂಡರು. ಆಮೇಲೆ ಎರಡು ಚಮಚ ಮೊಸರು. "ಚೆನ್ನಾಗಿದೆ, ಚೆನ್ನಾಗಿದೆ" ಎಂದರು. ತುಂಬಿದ ತಟ್ಟೆಯ ಜೊತೆ ಅವರ ಫೋಟೋ ತೆಗೆದೆವು.

ಮನೆಗೆ ವಾಪಸಾಗುವಾಗ ಪುಟ್ಟೇನಹಳ್ಳಿಯಲ್ಲಿ ಭಾವ ನನ್ನ ಭುಜ ತಟ್ಟಿದರು. ರಸ್ತೆ ಬದಿಗೆ ಅವರು ಭಾನುವಾರ ಭಾನುವಾರ ನಿಂತು ತಿನ್ನುವ ಪುಟ್ಟ ಹೋಟೆಲು.

"ಐದ್ ನಿಮಿಷ ನಿಲ್ಸೋ. ಒಂದು ತಟ್ಟೆ ಇಡ್ಲಿ ತಿಂತೀನಿ. ಬೆಣ್ಣೆ ಹಾಕಿದ್ರೆ ಉರಿಯಲ್ಲ."

"ಈಗ್ತಾನೆ ಅಷ್ಟು ದೊಡ್ಡ ಊಟ ಆಯ್ತಲ್ಲ ಭಾವ? ಆಸ್ಪತ್ರೆಗೆ ಲೇಟಾಗುತ್ತೆ. ವಾಪಸ್ ಬಂದ್ಮೇಲೆ ತಿನ್ನೋಣ."

"ಸರಿ ಬಿಡು."

ಡಾಕ್ಟರು ಹೇಳಿದ್ದನ್ನು ಕಿವಿಯಾರೆ ಕೇಳಿಸಿಕೊಂಡವನು ನಾನು. ಆದರೂ ಗಾಡಿ ನಿಲ್ಲಿಸಲಿಲ್ಲ. ಅವರು ಕತ್ತು ತಿರುಗಿಸಿ ಆ ಹೋಟೆಲನ್ನು ನೋಡುತ್ತಿದ್ದುದು ಕನ್ನಡಿಯಲ್ಲಿ ಕಂಡಿತ್ತು.

ಭಾವ ಮನೆಗೆ ಬಂದು ಐದನೇ ವಾರ ಇದು. ಅಕ್ಕ ಎರಡು ಗಂಟೆಗೊಮ್ಮೆ ಸೋಸಿದ ಗಂಜಿಯನ್ನು ಟ್ಯೂಬಿಗೆ ಬಿಡುತ್ತಾಳೆ. ಟ್ಯೂಬ್ ತೆಗೆಯುವ ಮಾತನ್ನು ಡಾಕ್ಟರು ಎತ್ತುತ್ತಿಲ್ಲ. ಭಾವನ ಮಾತು ಹೋಗಿದೆ. ಏನು ಬೇಕಿದ್ದರೂ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತಾರೆ.

ಪ್ರೀತಿ ತೋರಿಸುವ ಅವಸರದಲ್ಲಿ ನಾವು ಯಾರ್ಯಾರನ್ನೋ ಕೇಳುತ್ತೇವೆ. ಆ್ಯಪನ್ನು ಕೇಳುತ್ತೇವೆ, ಮುಖ ನೋಡದವರ ರಿವ್ಯೂ ನಂಬುತ್ತೇವೆ. ಉಣ್ಣುವವರನ್ನು ಕೇಳುವುದಕ್ಕೆ ಏನು ಧಾಡಿ? ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮೊನ್ನೆ ಭಾನುವಾರ, ಎಲ್ಲರ ಜೊತೆ ಟೈಪ್ ಮಾಡಿ ಮಾತಾಡಲಿ ಎಂದು ಅವರನ್ನು ನಮ್ಮ ಗ್ರೂಪಿಗೆ ಸೇರಿಸಿದೆ. ಅದರ ಹೆಸರು ಬದಲಾಯಿಸಬೇಕೆಂದು ಹೊಳೆಯಲೇ ಇಲ್ಲ.

ಹತ್ತು ನಿಮಿಷಕ್ಕೆ ಅವರ ಮೊದಲ ಮೆಸೇಜ್ ಬಂತು:

"ಭಾವನ ಊಟ ಅಂತ ಗ್ರೂಪ್ ಇತ್ತಾ? ಆಗ ನನಗೆ ಮಾತು ಬರ್ತಿತ್ತಲ್ಲೋ, ಕೇಳ್ಬಹುದಿತ್ತಲ್ಲ?"