ಆಟ ಬಿಟ್ಟು ಎದ್ದು ಬಂದವರು

ಮೊನ್ನೆ ಮೊಮ್ಮಗಳು ತನ್ನ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನೆಂದ ಬಳಪದ ವಾಸನೆ ಮೂಗಿಗೆ ಬಡಿಯಿತು. ಸೊಪ್ಪು ಸೋಸುತ್ತಿದ್ದ ನನ್ನ ಕೈ ಹಾಗೇ ನಿಂತಿತು... ಶಹಾಬಾದಿನ ಮನೆಯ ಪಡಸಾಲೆ ಕಣ್ಣ ಮುಂದೆ ಬಂತು, ಅಲ್ಲಿ ಗೋಡೆಗೆ ಒರಗಿ ಕೂತ ನನ್ನ ಮಾವನೂ.

ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದು ಒಂದೆರಡು ಮಳೆಗಾಲ ಕಳೆದ ಮೇಲೆ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಮಾವ ಚದುರಂಗದ ಉಸ್ತಾದರು ಎಂದು ತವರಿನಲ್ಲೇ ಕೇಳಿದ್ದೆ. ವಾಡಿ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದ ನನ್ನ ತಂದೆಗೂ ಆ ಹುಚ್ಚಿತ್ತು. ಹರೆಯದಲ್ಲೇ ಮಾವ ಹೈದರಾಬಾದಿಗೆ ಹೋಗಿ ಒಬ್ಬ ಜಹಗೀರದಾರನ ದೇವಡಿ, ಅಂದರೆ ಅವನ ದೊಡ್ಡ ಬಂಗಲೆ, ಸೇರಿದ್ದರಂತೆ. ಮಣೆಗೆ ಬೆನ್ನು ತಿರುಗಿಸಿ ಕೂತು, ಬಾಯಿಂದಲೇ ನಡೆ ಹೇಳಿ, ದೂರದೂರದಿಂದ ಬಂದ ಆಟಗಾರರನ್ನು ಸೋಲಿಸುತ್ತಿದ್ದರಂತೆ. ಜಹಗೀರದಾರ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣುತ್ತಿದ್ದನಂತೆ. ಊರಿಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಮಕ್ಕಳನ್ನು ಬೆಳೆಸಿದವರು, ಹೊಲ ನೋಡಿಕೊಂಡವರು ಅತ್ತೆ.

ನಾನು ಕಂಡ ಮಾವ ಬೇರೆಯೇ. ಜಹಗೀರು ಹೋಗಿ, ದೇವಡಿ ಬರಿದಾಗಿ, ಊರಿಗೆ ಮರಳಿದ್ದರು. ಓಣಿಯವರು ಅವರನ್ನು ನವಾಬನ ಮನುಷ್ಯ ಎಂದು ದೂರವಿಟ್ಟಿದ್ದರು. ಮನೆಯಲ್ಲಿ ಅತ್ತೆ ಅವರೊಂದಿಗೆ ಮಾತಾಡುತ್ತಿರಲಿಲ್ಲ. ಮಾವ ಎದುರಿಗೇ ಕೂತಿದ್ದರೂ "ನಿಮ್ಮ ಮಾವಗ ಊಟಕ್ಕ ಕರಿಯವ್ವ" ಎಂದು ನನಗೆ ಹೇಳುವರು. ಮಾವ ಬಂದ ದಿನವೇ ಅವರ ಚಂದನದ ಕಾಯಿಗಳನ್ನು ಅತ್ತೆ ಒಲೆಗೆ ಹಾಕಿದ್ದರಂತೆ. ಹಾಗಾಗಿ ಮಾವ ಪಡಸಾಲೆಯ ಕಲ್ಲಿನ ಮೇಲೆ ಬಳಪದಿಂದ ಮನೆಗಳನ್ನು ಬರೆದು, ಕಲ್ಲಿನ ಚೂರುಗಳನ್ನಿಟ್ಟು ಒಬ್ಬರೇ ಆಡುವರು. ಬೆಳಗಾದರೆ ಅತ್ತೆ ಒದ್ದೆ ಬಟ್ಟೆ ತಂದು ಅದನ್ನು ಒರೆಸುವರು. ಮಾವ ಕಾಲು ಮಡಚಿ ಜಾಗ ಬಿಡುವರು. ಮಧ್ಯಾಹ್ನ ಮತ್ತೆ ಬರೆಯುವರು...

ಯಾಕೆ ಹೀಗೆ ಎಂದು ಒಮ್ಮೆ ನನ್ನ ಗಂಡ ಹೇಳಿದರು. ನಿಜಾಮನ ಕಡೆಯ ರಜಾಕಾರರ ಹಾವಳಿಗೆ ಹೆದರಿ ಜನ ಸೊಲ್ಲಾಪುರದ ಕಡೆ ಹೊರಟ ಬೇಸಿಗೆ ಅದು. ಮಾವನನ್ನು ಕರೆತರಲು ಅತ್ತೆ ತಮ್ಮ ಅಣ್ಣನನ್ನು ಹೈದರಾಬಾದಿಗೆ ಕಳಿಸಿದ್ದರು. ದೇವಡಿಯಲ್ಲಿ ದೊಡ್ಡ ಪಂದ್ಯ ನಡೆದಿತ್ತು. "ಈ ಆಟ ಮುಗಿಸಿ ಬರ್ತೀನಿ, ನೀವು ಮುಂದ ನಡೀರಿ" ಅಂದರಂತೆ ಮಾವ, ತಲೆ ಎತ್ತದೆ. ಆ ಆಟ ಗೆದ್ದರು. ಅಷ್ಟರಲ್ಲಿ ದಾರಿಗಳು ಮುಚ್ಚಿದ್ದವು. ನಿರಾಶ್ರಿತರ ಬಿಡಾರದಲ್ಲಿ ಅವರ ಕಿರಿ ಮಗಳು ಜ್ವರ ಬಂದು ಮಲಗಿದವಳು, ಅಪ್ಪ ಎಲ್ಲಿ, ಅಪ್ಪ ಎಲ್ಲಿ ಎಂದು ಕೇಳುತ್ತಲೇ ಹೋಗಿಬಿಟ್ಟಳು.

ಮುಂದೆ ಒಂದು ಬೇಸಿಗೆಯಲ್ಲಿ ಹೈದರಾಬಾದಿನ ಒಬ್ಬ ತರುಣ ಅಧಿಕಾರಿ ವಾಡಿಗೆ ಬರುವವನಿದ್ದ. ಹೊಸ ವಿಲಾಯತಿ ಪದ್ಧತಿಯ ಚದುರಂಗದಲ್ಲಿ ಹೆಸರು ಮಾಡಿದವನು. ಉಸ್ತಾದರು ಬಂದು ಅವನೊಂದಿಗೆ ಆಡಬೇಕು ಎಂದು ನನ್ನ ತಂದೆ ಹೇಳಿಕಳಿಸಿದರು. ನೋಡಿದರೆ ಅದೇ ದಿನ ಆ ಹುಡುಗಿ ತೀರಿಕೊಂಡ ದಿನ. ಸಂಜೆ ಅವಳ ಹೆಸರಿನಲ್ಲಿ ದೀಪ ಹಚ್ಚುವ ರೂಢಿ. ಮಾವ ಹೋಗುವುದಿಲ್ಲವೆಂದರು. ಅತ್ತೆ ಒಲೆಯ ಮುಂದಿನಿಂದಲೇ ನನಗೆ ಹೇಳಿದರು: "ಹೋಗಲಿ ಬಿಡವ್ವ. ದೀಪ ಹಚ್ಚೂ ಹೊತ್ತಿಗಿ ಬರ್ತಾರೋ ಇಲ್ಲೋ, ನಾನೂ ನೋಡ್ತೀನಿ."

ಮಾವ ನನ್ನನ್ನೂ ಕರೆದುಕೊಂಡು ಹೋದರು. ತಂದೆಯ ಕ್ವಾರ್ಟರ್ಸಿನ ಜಗಲಿಯಲ್ಲಿ ಆಟ. ಚಹಾ ಕೊಟ್ಟು ನಾನು ಬಾಗಿಲಲ್ಲೇ ನಿಂತೆ. ಹೊಸ ಪದ್ಧತಿಯಲ್ಲಿ ಪ್ಯಾದೆ, ಅಂದರೆ ಕಾಲಾಳು, ಮೊದಲ ಸಲ ಎರಡು ಮನೆ ಹೋಗಬಹುದು. ದೇಸಿ ಆಟದಲ್ಲಿ ಒಂದೇ. ಮಾವನಿಗೆ ಅದು ಒಗ್ಗಲಿಲ್ಲ, ಶುರುವಿನಲ್ಲೇ ಒಂದು ಕುದುರೆ ಕಳೆದುಕೊಂಡರು. ಆಮೇಲೆ... ಅವರ ಬಾಗಿದ ಬೆನ್ನು ನೆಟ್ಟಗಾಯಿತು. ಅಧಿಕಾರಿಯ ನಗು ಮಾಯವಾಯಿತು. ಅವನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ಅವನು ತಲೆಗೆ ಕೈ ಹಚ್ಚಿ ಕೂತುಬಿಟ್ಟ, ಕಾಯಿ ನಡೆಸಲೇ ಇಲ್ಲ.

"ಎಲ್ಲಿ ಇಟ್ರೂ ಮಾತ್ ಆಗ್ತದ, ಸಾಹೇಬ್ರು ಸೋತಂಗ" ಎಂದು ತಂದೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಆಗ ಶಹಾಬಾದಿನ ಕಡೆ ಹೋಗುವ ಸಂಜೆ ಗಾಡಿ ಬಂದು ನಿಂತಿತು. ಮಾವ ಸ್ಟೇಷನ್ನಿನ ಕಡೆ ನೋಡಿದರು. ಮತ್ತೆ ಮಣೆ ನೋಡಿದರು. ಅಧಿಕಾರಿ ತಲೆ ಎತ್ತಲಿಲ್ಲ. ಮಾವ ತಮ್ಮ ರಾಜನನ್ನು ಮೆಲ್ಲಗೆ ಮಲಗಿಸಿದರು.

"ನೀವು ಗೆದ್ರಿ ಸಾಹೇಬ್ರ. ನಾ ಮನಿಗಿ ಹೋಗಬೇಕ್ರಿ."

"ಇನ್ನೊಂದೀಟು ಕುಂದ್ರಿ ಬೀಗರ!" ತಂದೆ ಕೂಗಿದರು. ಮಾವ ಆಗಲೇ ಮೆಟ್ಟಿಲಿಳಿದಿದ್ದರು.

ಗಾಡಿ ಹೊರಟ ಮೇಲೆ ಮಾವ ನನ್ನ ಕಡೆ ತಿರುಗಿದರು. "ಗೆಲ್ಲಾಕತ್ತಿದ್ದೆ ಅಂತ ಮನ್ಯಾಗ ಹೇಳಬ್ಯಾಡವ್ವ. ನಾನೇನೋ ದೊಡ್ಡ ಉಪಕಾರ ಮಾಡೀನಂತ ತೋರಿಸಿಕೊಂಡಂಗ ಆಗ್ತದ" ಅಂದರು.

ಮನೆ ಮುಟ್ಟಿದಾಗ ಅತ್ತೆ ಬತ್ತಿ ಹೊಸೆಯುತ್ತಿದ್ದರು. ನಮ್ಮನ್ನು ಕಂಡು ಅವರ ಕೈ ನಿಂತಿತು.

"ಆಟ ಬಿಟ್ಟು ಎದ್ದು ಬಂದೀನಿ" ಅಂದರು ಮಾವ.

ಅತ್ತೆ ಅವರ ಮುಖವನ್ನೇ ನೋಡಿದರು. ಅವರು ಗಂಡನೊಂದಿಗೆ ನೇರವಾಗಿ ಮಾತಾಡಿದ್ದನ್ನು ನಾನು ಮೊದಲ ಬಾರಿ ಕೇಳಿದ್ದು ಆಗಲೇ.

"ಅವತ್ತ ಹಿಂಗ ಎದ್ದು ಬರಬೇಕಿತ್ರಿ."

ಮಾವ ಕುಸಿದು ಕೂತರು. ಮತ್ತೆ ಅವರು ಬಳಪ ಹಿಡಿಯಲಿಲ್ಲ. ಉಸ್ತಾದ ನಿನ್ನೆ ಮೊನ್ನೆಯ ಹುಡುಗನಿಗೆ ಸೋತ ಎಂದು ಓಣಿಯವರು ನಕ್ಕರು. ಅತ್ತೆ ಬೆಳಿಗ್ಗೆ ಬಟ್ಟೆ ಹಿಡಿದು ಬಂದು, ಬರಿಗಲ್ಲು ನೋಡುತ್ತ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುವರು. ನಮ್ಮ ಭಾಗ ಮೈಸೂರಿಗೆ ಸೇರುತ್ತದೆ ಎಂದು ಎಲ್ಲೆಲ್ಲೂ ಮಾತು ನಡೆದಿದ್ದ ದಿನಗಳಲ್ಲಿ ಮಾವ ತೀರಿಕೊಂಡರು.

ಎಷ್ಟೋ ವರ್ಷಗಳ ಮೇಲೆ, ಇಬ್ಬರೂ ಜೋಳ ಹಸನು ಮಾಡುತ್ತ ಕೂತಾಗ, ಅತ್ತೆ ಇದ್ದಕ್ಕಿದ್ದಂತೆ ಕೇಳಿದರು: "ಅವತ್ತ ವಾಡ್ಯಾಗ ಅವರು ಸೋಲಾಕತ್ತಿದ್ರಲ್ಲಾ?"

"ಇಲ್ಲತ್ತಿ. ಗೆಲ್ಲಾಕತ್ತಿದ್ರು."

ಅತ್ತೆ ಮೊರ ಕೆಳಗಿಟ್ಟರು. "ಸೋಲ್ತೀನಂತ ಎದ್ದು ಬಂದಾರ ಅನಕೊಂಡಿದ್ನೆವ್ವ ನಾ... ಇಷ್ಟ ದಿನ" ಎಂದು ಸೆರಗನ್ನು ಬಾಯಿಗೊತ್ತಿಕೊಂಡರು.

ಈಗ ಅತ್ತೆಯೂ ಇಲ್ಲ. ಶಹಾಬಾದಿನ ಆ ಮನೆ ಬೇರೆಯವರ ಪಾಲಾಗಿದೆ. ಅತ್ತೆಯ ಆ ಮಾತನ್ನು ಕೇಳಬೇಕಾಗಿದ್ದ ಮನುಷ್ಯ ಕೇಳದೆಯೇ ಹೋದರಲ್ಲ... ಆ ಸಂಕಟ ಹೊತ್ತುಕೊಳ್ಳಲು ಉಳಿದವಳು ನಾನೊಬ್ಬಳೇ.