ಮೂರನೇ ವಾರದ ಅಂಕಿಗಳು

ಅರಸೀಕೆರೆಯ ಕೊಬ್ಬರಿ ಮಂಡಿಗೆ ಇಂದ್ರೇಶ್ ಗಡ್ಡ ಬೋಳಿಸಿಕೊಂಡು ಬಂದ ಮೊದಲ ದಿನ ಕೆಲಸ ಅರ್ಧ ಗಂಟೆ ತಡವಾಗಿ ಶುರುವಾಯಿತು. ಆಗ ಅವನಿಗೆ ನಲವತ್ತೆರಡು. ಹದಿನೆಂಟು ವರ್ಷದಿಂದ ಅಲ್ಲೇ ಕೂತು ಉಂಡೆ ಕೊಬ್ಬರಿ ಆರಿಸುತ್ತಿದ್ದವನ ಮುಖದಲ್ಲಿ ಅಲ್ಲಿಯವರೆಗೆ ಯಾರೂ ಗಡ್ಡ ಕಂಡಿರಲಿಲ್ಲ. ಈಗ ಗದ್ದದ ಮೇಲೆ ಬ್ಲೇಡು ತಾಗಿದ ಎರಡು ಕೆಂಪು ಗೀರು ಇದ್ದವು.

"ಏನ್ಲಾ ಇಂದ್ರ, ಬೆಕ್ಕು ಪರಚ್ತಾ?" ಎಂದು ಕೇಳಿದ ಲಕ್ಕಪ್ಪ. ಮೂಟೆ ಹೊರುವವರಲ್ಲಿ ಅವನೇ ಹಿರಿಯ.

"ಬೆಕ್ಕಲ್ಲ ಕಣಣ್ಣೋ, ಗಡ್ಡ!" ಪಕ್ಕದಲ್ಲಿ ಕೂತು ಕೊಬ್ಬರಿ ಆರಿಸುವ ಮೋಹನ್‌ಕುಮಾರ್ ಕೂಗಿ ಹೇಳಿದ. "ನಮ್ ಹುಡ್ಗ ಈಗ ಎಸ್ಸೆಲ್ಸಿ. ಪಾಸಾಗ್ಲಿ, ಹೆಣ್ಣು ನೋಡಾನ."

"ನೋಡು ನೋಡು. ನಿನ್ ಥರ ಬಾಯಿಬಡುಕಿ ಮಾತ್ರ ಬ್ಯಾಡ," ಅಂದ ಇಂದ್ರೇಶ್. ಎಲ್ಲರೂ ನಕ್ಕರು, ಅವನೂ ನಕ್ಕ. ಧ್ವನಿ ದಪ್ಪವಾಗಿರುವುದನ್ನು ಯಾರೂ ಎತ್ತಿ ಆಡಲಿಲ್ಲ. ಅದು ನಿಧಾನವಾಗಿ ಬಂದಿತ್ತು, ದಿನಾ ಕೇಳುವವರಿಗೆ ತಿಳಿಯುವ ಹಾಗಿರಲಿಲ್ಲ. ಅವನಿಗೆ ಮಾತ್ರ ತಿಳಿದಿತ್ತು. ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಿದರೆ ಆ ಕಡೆಯವರು "ಹೇಳಿ ಮೇಡಂ" ಅನ್ನುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು.

ಇದೆಲ್ಲದರ ಹಿಂದೆ ಮೂರು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಒಂದು ಇಂಜೆಕ್ಷನ್ ಇತ್ತು. ಮಂಡಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಹುಟ್ಟೂರು ಕಣಕಟ್ಟೆಯಲ್ಲಿದ್ದ ಅಣ್ಣ ಜಯದೇವಪ್ಪನಿಗೂ ಗೊತ್ತಿರಲಿಲ್ಲ.

ಇಂದ್ರೇಶನಿಗೆ ಹದಿನಾಲ್ಕು ವರ್ಷವಾಗಿದ್ದಾಗ ಊರಿನ ಮಕ್ಕಳಿಗೆಲ್ಲ ಮಂಗನಬಾವು ಬಂದಿತ್ತು. ಉಳಿದವರಿಗೆ ಕೆನ್ನೆ ಊದಿ, ಇಳಿದು, ಮುಗಿಯಿತು. ಇವನಿಗೆ ಕೆನ್ನೆ ಇಳಿಯುವ ಹೊತ್ತಿಗೆ ವೃಷಣಗಳೆರಡೂ ಊದಿಕೊಂಡವು. ನಾಚಿಕೆಗೆ ಅವ್ವನಿಗೆ ಹೇಳಲಿಲ್ಲ. ಜ್ವರ ಅಂದು ಐದು ದಿನ ಗೋಡೆ ಕಡೆ ತಿರುಗಿ ಮಲಗಿದ್ದ. ಆಮೇಲೆ ಜೊತೆಯ ಹುಡುಗರೆಲ್ಲ ಗಂಡಸರಾಗುತ್ತ ಹೋದರು, ಇವನು ಎಲ್ಲೋ ಅರ್ಧದಾರಿಯಲ್ಲಿ ನಿಂತ. ಏನು ತಪ್ಪಿದೆ ಎಂದು ಹೆಸರಿಟ್ಟು ಹೇಳಲು ಬಾರದಿದ್ದರೂ, ತಪ್ಪಿದೆ ಎಂಬುದು ಗೊತ್ತಿತ್ತು.

ಹೆಸರು ಸಿಕ್ಕಿದ್ದು ನಲವತ್ತೊಂದಕ್ಕೆ. ಮಂಡಿಯ ಮೆಟ್ಟಿಲ ಮೇಲೆ ಜಾರಿ ಕೈಯೂರಿದ, ಮುಂಗೈ ಮೂಳೆ ಮುರಿಯಿತು. ಬರೀ ಜಾರಿ ಬಿದ್ದಿದ್ದಕ್ಕೆ ಮೂಳೆ ಹೀಗೆ ಮುರಿಯಬಾರದು ಎಂದ ಹಾಸನದ ಮೂಳೆ ಡಾಕ್ಟರು, ರಕ್ತಪರೀಕ್ಷೆ ಮಾಡಿಸಿ, ಹಾರ್ಮೋನಿನ ಡಾಕ್ಟರ್ ಹೇಮಾಶ್ರೀ ಅವರ ಬಳಿಗೆ ಕಳಿಸಿದರು. ಮೈಯಲ್ಲಿ ಟೆಸ್ಟೋಸ್ಟೆರಾನ್ ಇರಬೇಕಾದದ್ದರ ಕಾಲು ಭಾಗವೂ ಇಲ್ಲ ಎಂದು ಅವರು ಹೇಳಿದರು. ಹೊರಗಿನಿಂದ ಕೊಡಬಹುದು, ಮಕ್ಕಳಾಗುವುದಿಲ್ಲ, ಆದರೆ ಮೂಳೆ, ಶಕ್ತಿ, ಮನಸ್ಸು ಸುಧಾರಿಸುತ್ತವೆ ಎಂದೂ ಹೇಳಿದರು.

ಜೊತೆಗೇ ಒಂದು ಎಚ್ಚರಿಕೆ ಕೊಟ್ಟರು. "ಇದು ಮೈಯಲ್ಲಿ ನೀರು ಹಿಡಿದಿಡುತ್ತೆ, ರಕ್ತ ದಪ್ಪ ಮಾಡುತ್ತೆ. ಬಿಪಿ ಏರಬಹುದು, ಎದೆಬಡಿತ ಜೋರಾಗಬಹುದು. ಒಂದು ಮಿಷನ್ ತಗೊಳ್ಳಿ, ವಾರಕ್ಕೆ ಮೂರು ದಿನ ಅಳೆದು ಬರೆದಿಡಿ. ತೀರಾ ಏರಿದ್ರೆ ಇಂಜೆಕ್ಷನ್ ನಿಲ್ಲಿಸಬೇಕಾಗುತ್ತೆ."

ಅಳೆಯುವುದಕ್ಕೂ ನಿಯಮಗಳಿದ್ದವು. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ ಕೂಡದು. ಉಚ್ಚೆ ಹೊಯ್ದು ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಎರಡು ಸಲ ಅಳೆಯಬೇಕು, ನಡುವೆ ಒಂದು ನಿಮಿಷ ಬಿಡಬೇಕು. ಅಷ್ಟು ಹೊತ್ತೂ ಮಾತಾಡಬಾರದು. ರೈಲ್ವೆ ಹಳಿಯ ಆಚೆ, ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಕೊನೆಯ ನಿಯಮ ಪಾಲಿಸಲು ಅವನಿಗೆ ಕಷ್ಟವಾಗಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ ಬೆಳಗಾಗುವ ತನಕ ಅವನು ಮಾತಾಡುತ್ತಿದ್ದುದು ಬೆರಳೆಣಿಕೆಯಷ್ಟು, ಅದೂ ಹಾಲು ಉಕ್ಕಿದಾಗ.

ಮೊದಲ ಎರಡು ತಿಂಗಳು ಅಂಕಿಗಳು ಚೆನ್ನಾಗಿದ್ದವು. ಆಮೇಲೆ ಒಂದು ಕ್ರಮ ಕಾಣಿಸಿಕೊಂಡಿತು. ಚುಚ್ಚಿಸಿಕೊಂಡ ಮೂರನೇ ದಿನದಿಂದ ಮೈಗೆ ಬಿಸಿ ಏರುತ್ತಿತ್ತು, ಮೂಟೆ ಎತ್ತಲು ತಾನಾಗಿ ಕೈ ಹೋಗುತ್ತಿತ್ತು. ದಿಂಬಿಗೆ ಕಿವಿಯಿಟ್ಟರೆ ಎದೆ ಬಡಿಯುವುದು ಕೇಳುತ್ತಿತ್ತು. ಮಿಷನ್ನಿನಲ್ಲಿ ನೂರ ಅರವತ್ತು, ಕೆಳಗೆ ತೊಂಬತ್ತೆಂಟು, ನಾಡಿ ನೂರಾ ಎರಡು. ಎರಡನೇ ವಾರ ಸ್ವಲ್ಪ ಇಳಿಯುತ್ತಿತ್ತು. ಮೂರನೇ ವಾರ, ಔಷಧದ ಬಲ ಕುಂದಿ ಮೈ ಜೋಲು ಬೀಳುವ ಹೊತ್ತಿಗೆ, ನೂರ ಮೂವತ್ತೆರಡಕ್ಕೆ ಎಂಬತ್ತನಾಲ್ಕು.

ಇಂದ್ರೇಶ್ ಮೂರನೇ ವಾರದ ಅಂಕಿಗಳನ್ನು ಮಾತ್ರ ಡಾಕ್ಟರಿಗೆ ತೋರಿಸುವ ಪುಸ್ತಕಕ್ಕೆ ಬರೆದ. ಉಳಿದ ಎರಡು ವಾರಗಳ ತಾರೀಕುಗಳ ಮುಂದೆಯೂ ಅವನ್ನೇ ಹಂಚಿದ.

ಇದನ್ನು ಮೋಸ ಎಂದು ಅವನು ಅಂದುಕೊಂಡಿರಲಿಲ್ಲ. ಕೊಬ್ಬರಿ ಆರಿಸುವವನಿಗೆ ಒಳ್ಳೆಯದನ್ನು ಮೇಲಿಡುವುದು ಅಭ್ಯಾಸ. ಅದಕ್ಕಿಂತ ಹೆಚ್ಚಾಗಿ ಭಯವಿತ್ತು. ಇಪ್ಪತ್ತೆಂಟು ವರ್ಷ ಕಾದ ಮೇಲೆ ಸಿಕ್ಕ ಮೈಯನ್ನು ಎರಡು ಅಂಕಿಗಳಿಗಾಗಿ ವಾಪಸ್ ಕೊಡಲು ಅವನು ತಯಾರಿರಲಿಲ್ಲ.

ಇಂಜೆಕ್ಷನ್ ಶುರುವಾದ ಹತ್ತನೇ ತಿಂಗಳು ಹಾಸನಕ್ಕೆ ಹೋದಾಗ ಡಾಕ್ಟರು ರಕ್ತದ ವರದಿ ಹಿಡಿದುಕೊಂಡಿದ್ದರು. ಆಸ್ಪತ್ರೆಯ ಮಿಷನ್ನಿನೊಂದಿಗೆ ಹೋಲಿಸಿ ನೋಡಲೆಂದು ಇವನು ತನ್ನದನ್ನೂ ಒಯ್ದಿದ್ದ.

"ರಾತ್ರಿ ಗೊರಕೆ ಹೊಡೀತೀರಾ?"

"ಗೊತ್ತಿಲ್ಲ ಮೇಡಂ."

"ನಿದ್ದೇಲಿ ಉಸಿರು ಕಟ್ಟಿದ ಹಾಗಾಗಿ ಏಳ್ತೀರಾ? ಮನೇಲಿ ಯಾರಾದ್ರೂ ಹೇಳಿದಾರಾ?"

"ಮನೇಲಿ ಯಾರೂ ಇಲ್ಲ ಮೇಡಂ."

ಅವರು ಪುಸ್ತಕ ತಿರುವಿದರು. "ಪುಸ್ತಕದಲ್ಲಿ ಬಿಪಿ ಚಿನ್ನದ ಹಾಗಿದೆ. ಆದ್ರೆ ನಿಮ್ಮ ರಕ್ತದಲ್ಲಿ ಕೆಂಪುಕಣಗಳ ಪಾಲು ನೂರಕ್ಕೆ ಐವತ್ತಾರು. ಐವತ್ತನಾಲ್ಕು ದಾಟಬಾರದು. ಇವತ್ತು ಇಲ್ಲಿ ಬಿಪಿ ನೂರ ಐವತ್ತೆಂಟು." ಆಮೇಲೆ ಅವನ ಮಿಷನ್ನನ್ನು ಎಳೆದುಕೊಂಡು ಅದರ ಎಡಗಡೆಯ ಸಣ್ಣ ಗುಂಡಿಯನ್ನು ಒತ್ತಿದರು. ಅಂಕಿ ಬಂತು, ತಾರೀಕು ಬಂತು. ಮತ್ತೆ ಒತ್ತಿದರು. ನೂರ ಅರವತ್ತು. ನೂರ ಅರವತ್ತೆರಡು. ನೂರ ಐವತ್ತಾರು. ಆ ಗುಂಡಿ ಇರುವುದು ಯಾಕೆಂದು ಇಂದ್ರೇಶನಿಗೆ ಅವತ್ತಿನವರೆಗೆ ತಿಳಿದಿರಲಿಲ್ಲ.

"ಇದು ಎಲ್ಲಾನೂ ಇಟ್ಕೊಂಡಿರುತ್ತೆ," ಅಂದರು ಡಾಕ್ಟರು. ಬೈಯಲಿಲ್ಲ. "ಯಾಕೆ ಇಂದ್ರೇಶ್?"

"ನಿಲ್ಲಿಸ್ತೀರಿ ಅಂತ."

"ಈಗ ನಿಲ್ಲಿಸಲೇಬೇಕಲ್ಲ. ಮೊದಲೇ ನೋಡಿದ್ದಿದ್ರೆ ಡೋಸ್ ಕಡಿಮೆ ಮಾಡ್ತಿದ್ದೆ, ಅಷ್ಟೇ. ಮೂರು ವಾರದ್ದು ಒಟ್ಟಿಗೆ ಕೊಡೋದರ ಬದಲು ವಾರವಾರ ಸ್ವಲ್ಪ ಸ್ವಲ್ಪ. ಈ ಏರಿಳಿತ ಇರ್ತಿರಲಿಲ್ಲ."

ಒಂದು ತಿಂಗಳು ಇಂಜೆಕ್ಷನ್ ಇಲ್ಲ. ಬಿಪಿಗೆ ದಿನಕ್ಕೊಂದು ಮಾತ್ರೆ. ಉಪ್ಪಿನಕಾಯಿ, ಹಪ್ಪಳ ದೂರ. ಬರುವ ಗುರುವಾರ ಒಂದು ಚೀಲ ರಕ್ತ ತೆಗೆಯಬೇಕು. ರಕ್ತ ತಿಳಿಯಾಗಿ, ಬಿಪಿ ಹಿಡಿತಕ್ಕೆ ಬಂದರೆ ಮತ್ತೆ ಶುರು ಮಾಡುವ ಮಾತು.

"ತೆಗೆದ ಮೇಲೆ ತಲೆ ಸುತ್ತಬಹುದು. ಜೊತೆಗೆ ಒಬ್ಬರು ಇರಲೇಬೇಕು, ಅವರ ಸಹಿ ಬೇಕು. ಒಬ್ಬರೇ ಬಂದ್ರೆ ವಾಪಸ್ ಕಳಿಸ್ತಾರೆ."

ಬಸ್ಸು ಹಾರನಹಳ್ಳಿ ದಾಟುವವರೆಗೆ ಇಂದ್ರೇಶ್ ಯಾರನ್ನು ಕರೆಯುವುದೆಂದು ಯೋಚಿಸಿದ. ಲಕ್ಕಪ್ಪನನ್ನು ಕರೆದರೆ ಬರುತ್ತಾನೆ, ಚಪ್ಪಲಿಯನ್ನೂ ಹುಡುಕದೆ ಬರುತ್ತಾನೆ. ಆದರೆ ಸಂಜೆಯೊಳಗೆ ಮಂಡಿಗೆಲ್ಲ ಸುದ್ದಿ. ಮೋಹನ್‌ಕುಮಾರನಿಗೆ ಹೇಳಿದರೆ ಅದು ಸಾಯುವ ತನಕ ತಮಾಷೆ. ಇನ್ನು ಉಳಿದವನು ಒಬ್ಬನೇ.

ಅಣ್ಣನೊಂದಿಗೆ ಮಾತು ನಿಂತಿರಲಿಲ್ಲ, ಸವೆದಿತ್ತು. ಹದಿಮೂರು ವರ್ಷದ ಹಿಂದೆ ಬೇಲೂರಿನಲ್ಲಿ ಹೆಣ್ಣು ನೋಡಲು ಹೋಗಿದ್ದರು. ಒಳ್ಳೆಯ ಮನೆ, ಒಳ್ಳೆಯ ಹುಡುಗಿ. ಜಯದೇವಪ್ಪ ಅಲ್ಲೇ ಒಪ್ಪಿಗೆ ಹೇಳಿ ಎದ್ದಿದ್ದ. ಬಸ್ ನಿಲ್ದಾಣದಲ್ಲಿ ಇಂದ್ರೇಶ್ "ನನಗೆ ಬ್ಯಾಡ" ಅಂದ. ಯಾಕೆ ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. ಅಣ್ಣ ಒಬ್ಬನೇ ಆ ಮನೆಗೆ ತಿರುಗಿ ಹೋಗಿ ಮಾತು ವಾಪಸ್ ತೆಗೆದುಕೊಂಡು ಬಂದ. ಆಮೇಲೆ ಇಬ್ಬರ ನಡುವೆ ಉಳಿದದ್ದು ತೆಂಗು, ಮಳೆ, ಕೊಬ್ಬರಿ ಧಾರಣೆ.

ಭಾನುವಾರ ಕಣಕಟ್ಟೆಗೆ ಹೋದಾಗ ಅಣ್ಣ ಅಟ್ಟದಿಂದ ತೆಂಗಿನಕಾಯಿ ಇಳಿಸುತ್ತಿದ್ದ. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ. ಅತ್ತಿಗೆ ಹೊಲದ ಕಡೆ ಹೋಗಿದ್ದರು. ಜಯದೇವಪ್ಪ ಮೇಲೆ ಕೂತು ಕಾಯಿ ಕೆಳಗೆ ಬಿಡುತ್ತಿದ್ದ, ಇಂದ್ರೇಶ್ ಕೆಳಗೆ ಮಂಕರಿ ಹಿಡಿದು ನಿಂತ. ಅಟ್ಟಕ್ಕೆ ಹಾಸಿದ ದಬ್ಬೆಗಳ ಸಂದಿನಲ್ಲಿ ಅಣ್ಣನ ಪಾದ ಮಾತ್ರ ಕಾಣುತ್ತಿತ್ತು.

"ಅಣ್ಣಯ್ಯ, ಗುರುವಾರ ನನ್ ಜೊತೆ ಹಾಸನಕ್ಕೆ ಬರ್ಬೇಕು."

"ಯಾಕ್ಲಾ?"

"ಆಸ್ಪತ್ರೇಲಿ ರಕ್ತ ತೆಗೀತಾರೆ. ಜೊತೇಲಿ ಒಬ್ರು ಇರ್ಬೇಕಂತೆ."

"ಯಾರಿಗ್ ಕೊಡಾಕೆ?"

"ಯಾರಿಗೂ ಅಲ್ಲ. ನಂಗೇ ಜಾಸ್ತಿ ಆಗೈತೆ."

ಮೇಲಿನಿಂದ ನಗು ಕೇಳಿತು. "ನಿಂಗಾ? ಅವ್ವ ಬದುಕಿರೋಗಂಟ ನಿನ್ ಮೈಯಾಗೆ ರಕ್ತಾನೇ ಇಲ್ಲ ಅಂತಿದ್ಲು."

ಮುಖ ಕಾಣದ್ದರಿಂದಲೋ ಏನೋ, ಇಂದ್ರೇಶ್ ಹೇಳಿಬಿಟ್ಟ. ಮಂಗನಬಾವು, ಗೋಡೆ ಕಡೆ ತಿರುಗಿ ಮಲಗಿದ ಐದು ದಿನ, ಮುರಿದ ಮೂಳೆ, ಇಂಜೆಕ್ಷನ್, ಪುಸ್ತಕದಲ್ಲಿ ಬರೆದ ಸುಳ್ಳು. ಮಂಕರಿಯಲ್ಲಿನ ಕಾಯಿಗಳನ್ನು ನೋಡುತ್ತ, ಧಾರಣೆ ಓದುವವನ ಹಾಗೆ ಒಂದೇ ಸಮ ಹೇಳಿದ. ಅಟ್ಟದ ಮೇಲಿನ ಸದ್ದು ಯಾವಾಗ ನಿಂತಿತೋ ಅವನಿಗೆ ತಿಳಿಯಲಿಲ್ಲ.

"ಬೇಲೂರಿಗೆ ಹೋದಾಗ್ಲೂ ಗೊತ್ತಿತ್ತಾ ನಿಂಗೆ?"

"ಹಿಂಗೇ ಅಂತ ಗೊತ್ತಿರ್ಲಿಲ್ಲ. ಏನೋ ಐತೆ ಅಂತ ಗೊತ್ತಿತ್ತು."

"ಆ ಹುಡ್ಗಿ ಅಪ್ಪ ಬಾಗ್ಲಲ್ಲೇ ನಿಲ್ಸಿ ಕೇಳ್ದ ಕಣ್ಲಾ, ನಮ್ ಹುಡ್ಗೀಲಿ ಏನ್ ಐಬು ಕಂಡ್ರಿ ಅಂತ. ನಾ ಏನ್ ಹೇಳ್ಲಿ? ನಂಗೆ ಒಂದ್ ಮಾತ್ ಹೇಳಾಕಾಗ್ಲಿಲ್ವಾ ನಿಂಗೆ?"

"ಎಲ್ಲಿ ನಿಂತ್ಕೊಂಡ್ ಹೇಳ್ಲಿ ಅಣ್ಣಯ್ಯ? ಅವ್ವನ್ ಮುಂದೆ? ಅತ್ಗೆ ಮುಂದೆ?"

ಅಣ್ಣನ ಪಾದ ದಬ್ಬೆಗಳ ಮೇಲೆ ಸರಿಯಿತು. "ಮಂಕರಿ ಸರ್ಯಾಗ್ ಹಿಡಿ," ಅಂದ ಜಯದೇವಪ್ಪ. ಕಾಯಿಗಳು ಮತ್ತೆ ಬೀಳತೊಡಗಿದವು. ಕತ್ತಲಾಗುವ ಮೊದಲು ಇಂದ್ರೇಶ್ ಹೊರಟಾಗಲೂ ಅಣ್ಣ ಬರುತ್ತೇನೆ ಎಂದು ಹೇಳಿರಲಿಲ್ಲ.

ಗುರುವಾರ ಬೆಳಿಗ್ಗೆ ಏಳಕ್ಕೆ ಅರಸೀಕೆರೆ ಬಸ್ ನಿಲ್ದಾಣದಲ್ಲಿ ಜಯದೇವಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ಮದುವೆಗೆ ಹೊರಟವನ ಹಾಗಿದ್ದ. ಹಾಸನದವರೆಗೆ ಪಕ್ಕಪಕ್ಕ ಕೂತು ಇಬ್ಬರೂ ಕಿಟಕಿಯ ಹೊರಗೆ ನೋಡಿದರು.

ಆಸ್ಪತ್ರೆಯ ಅರ್ಜಿಯಲ್ಲಿ ರೋಗಿಗೆ ಏನಾಗಬೇಕು ಎಂಬ ಜಾಗದಲ್ಲಿ "ಅಣ್ಣ" ಎಂದು ಬರೆಯಲು ಜಯದೇವಪ್ಪ ತುಂಬ ಹೊತ್ತು ತೆಗೆದುಕೊಂಡ. ಮೇಲಿನ ಸಾಲಿನಲ್ಲಿ ಕಾರಣ ಬರೆದಿತ್ತು, ಅದನ್ನೂ ಬೆರಳಿಟ್ಟು ಓದಿದ. ರಕ್ತ ಚೀಲಕ್ಕೆ ಇಳಿಯುವಾಗ ತಮ್ಮನ ಕಾಲ ಬಳಿ ನಿಂತಿದ್ದ.

"ಇಷ್ಟು ಕಪ್ಪಗಿರ್ತದಾ?" ಎಂದು ನರ್ಸನ್ನು ಕೇಳಿದ.

"ದಪ್ಪ ಆಗಿದೆಯಲ್ಲ ಯಜಮಾನ್ರೇ. ಇದನ್ನ ಯಾರಿಗೂ ಕೊಡಲ್ಲ, ನಾಶ ಮಾಡ್ತೀವಿ."

"ಅಷ್ಟೂನಾ?"

"ಅಷ್ಟೂ."

ಜಯದೇವಪ್ಪ ಮುಖ ಆಚೆ ತಿರುಗಿಸಿದ.

ಅರ್ಧ ಗಂಟೆ ಮಲಗಿಸಿ ಅಳೆದರು. ನೂರ ನಲವತ್ತಕ್ಕೆ ತೊಂಬತ್ತು, ನಾಡಿ ಎಂಬತ್ತನಾಲ್ಕು. ಡಾಕ್ಟರ್ ಹೇಮಾಶ್ರೀ ಬಂದು ನೋಡಿ, ಮುಂದಿನ ವಾರ ಇನ್ನೊಂದು ರಕ್ತಪರೀಕ್ಷೆ, ತಿಂಗಳ ಕೊನೆಗೆ ನಿರ್ಧಾರ ಎಂದರು. "ಈ ತಿಂಗಳು ಮೈ ಸೋತ ಹಾಗಾಗುತ್ತೆ, ಮನಸ್ಸೂ ಕುಗ್ಗುತ್ತೆ. ಹೆದರಬೇಡಿ. ಬಂದ ಅಂಕಿ ಬಂದ ಹಾಗೇ ಬರೀರಿ. ಹಾಗಿದ್ರೆ ಮಾತ್ರ ನಾನು ಮತ್ತೆ ಶುರು ಮಾಡೋದು." ಆಮೇಲೆ ಜಯದೇವಪ್ಪನ ಕಡೆ ತಿರುಗಿ, "ನೀವು ಜೊತೇಲೇ ಇರ್ತೀರಾ?" ಎಂದು ಕೇಳಿದರು.

"ಇಲ್ಲ ಮೇಡಂ, ನಾನು ಊರಲ್ಲಿ," ಅಂದ ಅವನು.

ಅರಸೀಕೆರೆಗೆ ಬಂದಿಳಿದಾಗ ಮೂರು ಗಂಟೆ. ಕಣಕಟ್ಟೆ ಬಸ್ಸು ಹೊರಡಲು ನಿಂತಿತ್ತು. ಜಯದೇವಪ್ಪ ಹತ್ತುವ ಮೊದಲು ಒಮ್ಮೆ ನಿಂತ.

"ನಿನ್ ಅತ್ಗೆ ಕೇಳ್ತಾಳೆ. ಏನ್ ಹೇಳ್ಲಿ?"

"ರಕ್ತ ಜಾಸ್ತಿ ಆಗಿತ್ತು ಅನ್ನು."

"ನಿಜಾನೇ ಅಲ್ವಾ ಅದು."

"ನಿಜಾನೇ."

ಬಸ್ಸಿನೊಳಗೆ ಕೂತ ಮೇಲೆ ಅವನು ಕಿಟಕಿಯ ಗಾಜು ಸರಿಸಿದ. "ಮುಂದಿನ್ ವಾರದ್ ಪರೀಕ್ಷೆಗೂ ಒಬ್ರು ಬೇಕಾ?"

"ಬ್ಯಾಡ. ಅದಕ್ಕೆ ನಾನೊಬ್ನೇ ಸಾಕು."

ಜಯದೇವಪ್ಪ ತಲೆಯಾಡಿಸಿದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವು ದಾಟುವವರೆಗೆ ಇಂದ್ರೇಶ್ ಅಲ್ಲೇ ನಿಂತಿದ್ದ. ಬೇಕು ಅಂದಿದ್ದರೆ ಅಣ್ಣ ಬರುತ್ತಿದ್ದ ಎಂಬುದು ಆಗ ಹೊಳೆಯಿತು. ಜೇಬಿನಿಂದ ಫೋನ್ ತೆಗೆದು ಅಣ್ಣನ ಹೆಸರು ಹುಡುಕಿದ. ಬಸ್ಸಿನ ಸದ್ದಿನಲ್ಲಿ ಕೇಳಿಸುತ್ತದೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಆ ಹೆಸರನ್ನು ಒತ್ತಿದ.