ಒಗ್ಗರಣೆ ಸಿಕ್ಕಿಕೊಂಡ ಮೆಷಿನ್ನು

ನಮ್ಮ ಮನೆಯವರು ಕೊನೆಯ ಸಲ ಕೆಲಸಕ್ಕೆ ಹೋದ ದಿನ, ಅವರ ಓನರ್ ಹೇಳಿದ್ದಾರೆಂದು ನಾನು ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿಕೊಟ್ಟಿದ್ದೆ. ಗರುಡಾಚಾರ್‌ಪಾಳ್ಯದ ಒಂದು ಫ್ಯಾಕ್ಟರಿಯಲ್ಲಿ ಅವರು ಸ್ಪ್ರೇ ಡ್ರೈಯರ್ ನಡೆಸುತ್ತಿದ್ದರು. ನಿಂಬೆರಸವನ್ನೋ ಟೊಮೆಟೊ ರಸವನ್ನೋ ಬಿಸಿಗಾಳಿಯೊಳಗೆ ಸಣ್ಣ ಹನಿಗಳಾಗಿ ಸಿಂಪಡಿಸಿದರೆ ಕೆಳಗೆ ಪುಡಿ ಉದುರುತ್ತದೆ. "ನೀರು ಮಾತ್ರ ಹೋಗತ್ತೆ, ಮಿಕ್ಕಿದ್ದೆಲ್ಲ ಇರತ್ತೆ" ಎಂದು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು. ದೇವಸ್ಥಾನದಲ್ಲಿ ಕೊಟ್ಟ ವಿಭೂತಿಯನ್ನೂ ಎರಡು ಬೆರಳಲ್ಲಿ ಉಜ್ಜಿ, "ಇನ್ನೂ ತೇವ ಇದೆ ಸ್ವಾಮಿ" ಎಂದು ಅರ್ಚಕರಿಗೆ ತಪ್ಪು ತೋರಿಸಿದವರು ಅವರು.

ಆರ್ಡರ್‌ಗಳು ನಿಂತು ಫ್ಯಾಕ್ಟರಿ ಮುಚ್ಚುವ ಹಾಗಿತ್ತು. ಮನೆಯ ಸಾರನ್ನೇ ಪುಡಿ ಮಾಡಿ ಮಾರಿದರೆ ಬದುಕಿಕೊಳ್ಳುತ್ತೇವೆ ಎಂದು ಓನರ್‌ಗೆ ಹೊಳೆದಿತ್ತು. ಸಾರು ಎಂದರೆ ಸಾರು ಎಂದುಕೊಂಡು ನಾನು ಒಗ್ಗರಣೆಯನ್ನೂ ಹಾಕಿ ಕಳಿಸಿದೆ. ಸಿಂಪಡಿಸುವ ಸಣ್ಣ ತೂತಿನಲ್ಲಿ ಸಾಸಿವೆ ಸಿಕ್ಕಿಕೊಂಡು ಮೆಷಿನ್ನು ನಿಂತುಬಿಟ್ಟಿತು.

"ಸಾಸಿವೆ ಹಾಕಿದ್ದು ಯಾರ್ರೀ?" ಎಂದು ಓನರ್ ಕೂಗಾಡಿದರಂತೆ.

"ಸಾರು ಅಂದ್ರಲ್ಲ ಸಾರ್, ಒಗ್ಗರಣೆ ಇಲ್ದಿದ್ರೆ ಅದು ಬರೀ ಹುಳಿನೀರು" ಎಂದರಂತೆ ಇವರು.

ಕೊನೆಗೆ ಸಾರನ್ನು ಸೋಸಿ, ಪುಡಿ ಅಂಟಿಕೊಳ್ಳದಿರಲೆಂದು ಪಿಷ್ಟ ಬೆರೆಸಿ, ಸಂಜೆಯೊಳಗೆ ಪುಡಿ ಮಾಡಿದರು. ಓನರ್ ಅದಕ್ಕೆ 'ಅಮ್ಮನ ಕೈರುಚಿ' ಎಂದು ಹೆಸರಿಟ್ಟರು. ಯಾವ ಅಮ್ಮ ಎಂದು ಯಾರೂ ಕೇಳಲಿಲ್ಲ.

ಇವರು ಒಂದು ಚಿಟಿಕೆ ಮನೆಗೆ ತಂದು, ಬಿಸಿನೀರಲ್ಲಿ ಕದಡಿ ಲೋಟ ನನ್ನ ಕೈಗಿಟ್ಟರು.

"ಹೆಂಗಿದೆ ಹೇಳೇ?"

"ಬಣ್ಣ ಬಂದಿದೆ ರೀ."

"ಇನ್ನೇನ್ ಬೇಕಿತ್ತು ನಿಂಗೆ?"

"ಸಾರು."

ಇಬ್ಬರೂ ನಕ್ಕೆವು. ಬೆಳಿಗ್ಗೆ ಅವರು ಏಳಲಿಲ್ಲ.

ಈಗ ಆ ಪುಡಿ ಅಂಗಡಿಗಳಲ್ಲಿ ಸಿಗುತ್ತದೆ. ಫ್ಯಾಕ್ಟರಿಯೂ ಉಳಿದುಕೊಂಡಿತು. ಊಟಕ್ಕೆ ಕೂತಾಗ ನನ್ನ ಎದುರಿಗೆ ಅವರಿಲ್ಲ.